ಗುಂಡಪ್ಪ ವಿಶ್ವನಾಥ್

ಗುಂಡಪ್ಪ ರಂಗನಾಥ ವಿಶ್ವನಾಥ್ (ಜನನ: 12 ಫೆಬ್ರವರಿ 1949, ಭದ್ರಾವತಿ) ಭಾರತ ಕ್ರಿಕೆಟ್ ತಂಡದ ಮಾಜಿ ಆಟಗಾರ ಹಾಗೂ ಮಾಜಿ ನಾಯಕ. ಜಿ. ಆರ್. ವಿಶ್ವನಾಥ್ ಎಂಬ ಹೆಸರಿನಿಂದ ಪ್ರಸಿದ್ಧರಾಗಿರುವ ಇವರನ್ನು ಅಭಿಮಾನಿಗಳೂ ಸಹ ಆಟಗಾರರೂ ಪ್ರೀತಿಯಿಂದ 'ವಿಶಿ' ಎಂದು ಕರೆಯುತ್ತಾರೆ. ಬಲಗೈ ದಾಂಡಿಗರಾದ ಅವರು 1969ರಿಂದ 1983ರವರೆಗೆ 91 ಟೆಸ್ಟ್ ಪಂದ್ಯಗಳನ್ನು ಆಡಿ, 14 ಶತಕಗಳೊಂದಿಗೆ 6080 ರನ್ ಗಳಿಸಿದರು. ಸುನಿಲ್ ಗಾವಸ್ಕರ್ ಅವರ ನಂತರ ಟೆಸ್ಟ್ ಕ್ರಿಕೆಟ್‌ನಲ್ಲಿ ಆರು ಸಾವಿರ ರನ್ ಪೂರೈಸಿದ ಎರಡನೆಯ ಭಾರತೀಯರು ಇವರು. ವಿಶ್ವನಾಥ್ ಶತಕ ಬಾರಿಸಿದ ಯಾವ ಟೆಸ್ಟ್ ಪಂದ್ಯದಲ್ಲಿಯೂ ಭಾರತ ಸೋಲಲಿಲ್ಲ. 1980ರ ಮುಂಬಯಿ ಟೆಸ್ಟ್‌ನಲ್ಲಿ ನಾಯಕರಾಗಿದ್ದಾಗ, ಔಟ್ ಎಂದು ತೀರ್ಪು ಪಡೆದಿದ್ದ ಎದುರಾಳಿ ಆಟಗಾರನನ್ನು ಮರಳಿ ಕರೆದ ಪ್ರಸಂಗಕ್ಕಾಗಿಯೂ ಅವರು ಸ್ಮರಣೀಯರು.

ಹುಟ್ಟೂರು ಮತ್ತು ಬಾಲ್ಯ

ವಿಶ್ವನಾಥ್ ಹುಟ್ಟಿದ್ದು ಅಂದಿನ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ. ಭದ್ರಾ ನದಿಯ ದಂಡೆಯ ಮೇಲಿರುವ ಈ ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ ಇಲ್ಲಿ ಸ್ಥಾಪನೆಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂದಿತು. ವಿಶ್ವನಾಥ್ ಹುಟ್ಟುವ ವೇಳೆಗೆ ಭದ್ರಾವತಿ ರಾಜ್ಯದ ಪ್ರಮುಖ ಕೈಗಾರಿಕಾ ಪಟ್ಟಣವಾಗಿತ್ತು.

ಬಾಲ್ಯದಲ್ಲಿಯೇ ಅವರ ಕುಟುಂಬ ಬೆಂಗಳೂರಿಗೆ ಬಂದು ನೆಲೆಸಿದ್ದರಿಂದ ಅವರ ಕ್ರಿಕೆಟ್ ರೂಪುಗೊಂಡದ್ದು ಬೆಂಗಳೂರಿನ ಬೀದಿ, ಮೈದಾನ ಮತ್ತು ಕ್ಲಬ್ ಪಂದ್ಯಗಳಲ್ಲಿ. ಆದರೂ ಭಾರತ ತಂಡವನ್ನು ಮುನ್ನಡೆಸಿದ ಆಟಗಾರನ ಜನ್ಮಸ್ಥಳವೆಂಬ ಹಿರಿಮೆ ಭದ್ರಾವತಿಗೆ ಸಂದಿದೆ. ಈಗ ಜಿಲ್ಲಾ ಕೇಂದ್ರವಾದ ಶಿವಮೊಗ್ಗ ನಗರದ ನವುಲೆಯಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣವಿದ್ದು, ಅಲ್ಲಿ ರಣಜಿ ಟ್ರೋಫಿ ಪಂದ್ಯಗಳೂ ನಡೆದಿವೆ.

ವಿಶ್ವನಾಥ್ ಅವರ ಎತ್ತರ ಐದು ಅಡಿಗಿಂತ ತುಸು ಹೆಚ್ಚು. ವೇಗದ ಬೌಲರ್‌ಗಳ ಪುಟಿದೇಳುವ ಎಸೆತಗಳನ್ನು ಎದುರಿಸಬೇಕಾದ ಬ್ಯಾಟ್ಸ್‌ಮನ್‌ಗೆ ಇದು ಕೊರತೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಚುರುಕಾದ ಪಾದಚಲನೆ ಮತ್ತು ಬಲವಾದ ಮಣಿಕಟ್ಟುಗಳಿಂದ ಅವರು ಆ ಕೊರತೆಯನ್ನು ತುಂಬಿಕೊಂಡರು.

ಪ್ರಥಮ ದರ್ಜೆ ಕ್ರಿಕೆಟ್‌ಗೆ ಪ್ರವೇಶ

1967ರ ನವೆಂಬರ್‌ನಲ್ಲಿ ವಿಜಯವಾಡದಲ್ಲಿ ಆಂಧ್ರ ತಂಡದ ವಿರುದ್ಧ ನಡೆದ ರಣಜಿ ಟ್ರೋಫಿ ಪಂದ್ಯದಲ್ಲಿ ಅವರು ಮೈಸೂರು ತಂಡದ ಪರವಾಗಿ ಪದಾರ್ಪಣೆ ಮಾಡಿದರು. ಆಗ ಅವರಿಗೆ ಹದಿನೆಂಟು ವರ್ಷ. ಆ ಚೊಚ್ಚಲ ಪಂದ್ಯದಲ್ಲಿಯೇ 230 ರನ್ ಗಳಿಸಿ, ಪ್ರಥಮ ದರ್ಜೆ ಕ್ರಿಕೆಟ್‌ನ ಮೊದಲ ಪಂದ್ಯದಲ್ಲಿ ದ್ವಿಶತಕ ಬಾರಿಸಿದ ಅಪರೂಪದ ಆಟಗಾರರ ಸಾಲಿಗೆ ಸೇರಿದರು. ಎರಡು ವರ್ಷಗಳ ನಂತರ ಭಾರತ ತಂಡದ ಬಾಗಿಲು ತೆರೆಯಿತು.

ಟೆಸ್ಟ್ ಪದಾರ್ಪಣೆ: ಕಾನ್ಪುರ, 1969

1969ರಲ್ಲಿ ಬಿಲ್ ಲಾರಿ ನೇತೃತ್ವದ ಆಸ್ಟ್ರೇಲಿಯಾ ತಂಡ ಐದು ಟೆಸ್ಟ್‌ಗಳ ಸರಣಿಗಾಗಿ ಭಾರತಕ್ಕೆ ಬಂದಿತು. ನವೆಂಬರ್ 15ರಂದು ಕಾನ್ಪುರದ ಗ್ರೀನ್ ಪಾರ್ಕ್‌ನಲ್ಲಿ ಆರಂಭವಾದ ಎರಡನೆಯ ಟೆಸ್ಟ್‌ನಲ್ಲಿ ವಿಶ್ವನಾಥ್‌ಗೆ ಸ್ಥಾನ ದೊರೆಯಿತು. ಭಾರತ ತಂಡದ ನಾಯಕರು ಮನ್ಸೂರ್ ಅಲಿ ಖಾನ್ ಪಟೌಡಿ.

ಮೊದಲ ಇನಿಂಗ್ಸ್‌ನಲ್ಲಿ ಅವರು ಖಾತೆ ತೆರೆಯದೆ ಶೂನ್ಯಕ್ಕೆ ಔಟಾದರು. ಇಪ್ಪತ್ತು ವರ್ಷದ ಹುಡುಗನಿಗೆ ಅದು ಎದೆಗುಂದಿಸುವ ಆರಂಭ. ಆದರೆ ನಾಯಕ ಪಟೌಡಿ ಅವರಿಗೆ ಧೈರ್ಯ ತುಂಬಿದರು. ಎರಡನೆಯ ಇನಿಂಗ್ಸ್‌ನಲ್ಲಿ ವಿಶ್ವನಾಥ್ 137 ರನ್ ಗಳಿಸಿದರು. ಪಂದ್ಯ ಡ್ರಾ ಆಯಿತು. ಚೊಚ್ಚಲ ಟೆಸ್ಟ್‌ನಲ್ಲಿ ಶತಕ ಗಳಿಸಿದ ಆರನೆಯ ಭಾರತೀಯರು ಅವರು.

ಅದೇ ಸರಣಿಯ ದೆಹಲಿ ಟೆಸ್ಟ್‌ನಲ್ಲಿ ಭಾರತ ಏಳು ವಿಕೆಟ್‌ಗಳ ಜಯ ಗಳಿಸಿತು. ಗೆಲುವಿನ ಗುರಿ ಮುಟ್ಟಿದಾಗ ಅಜಿತ್ ವಾಡೇಕರ್ 91 ಹಾಗೂ ವಿಶ್ವನಾಥ್ 44 ರನ್‌ಗಳೊಂದಿಗೆ ಔಟಾಗದೆ ಉಳಿದಿದ್ದರು. ಸರಣಿಯನ್ನು ಆಸ್ಟ್ರೇಲಿಯಾ 3–1ರಿಂದ ಗೆದ್ದರೂ, ಭಾರತಕ್ಕೆ ದೀರ್ಘಕಾಲ ನೆರವಾಗಬಲ್ಲ ಒಬ್ಬ ಬ್ಯಾಟ್ಸ್‌ಮನ್ ದೊರೆತಿದ್ದರು.

ಎರಡನೆಯ ಶತಕಕ್ಕಾಗಿ ಕಾಯುವಿಕೆ

ವಿಶ್ವನಾಥ್‌ಗಿಂತ ಮೊದಲು ಲಾಲಾ ಅಮರನಾಥ್ (1933), ದೀಪಕ್ ಶೋಧನ್ (1952), ಎ. ಜಿ. ಕೃಪಾಲ್ ಸಿಂಗ್ (1955), ಅಬ್ಬಾಸ್ ಅಲಿ ಬೇಗ್ (1959) ಮತ್ತು ಹನುಮಂತ್ ಸಿಂಗ್ (1964) ಚೊಚ್ಚಲ ಟೆಸ್ಟ್‌ನಲ್ಲಿ ಶತಕ ಗಳಿಸಿದ್ದರು. ವಿಚಿತ್ರವೆಂದರೆ ಈ ಐವರಲ್ಲಿ ಯಾರೊಬ್ಬರೂ ಮತ್ತೊಂದು ಟೆಸ್ಟ್ ಶತಕ ಗಳಿಸಲಿಲ್ಲ. ಆದ್ದರಿಂದ ಮೊದಲ ಟೆಸ್ಟ್‌ನಲ್ಲಿ ಶತಕ ಬಾರಿಸುವುದು ಭಾರತೀಯರಿಗೆ ಅಪಶಕುನವೆಂಬ ಮಾತು ಹುಟ್ಟಿಕೊಂಡಿತ್ತು.

ಈ ಮಾತು ವಿಶ್ವನಾಥ್ ಅವರನ್ನೂ ಮೂರು ವರ್ಷಗಳಿಗೂ ಹೆಚ್ಚು ಕಾಲ ಹಿಂಬಾಲಿಸಿತು. 1971ರ ವೆಸ್ಟ್ ಇಂಡೀಸ್ ಪ್ರವಾಸದ ಆರಂಭದ ಟೆಸ್ಟ್‌ಗಳನ್ನು ಅವರು ಗಾಯದ ಕಾರಣದಿಂದ ಆಡಲಾಗಲಿಲ್ಲ. ಅದೇ ವರ್ಷ ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಜಯ ಸಾಧಿಸಿದಾಗ, ಎರಡನೆಯ ಇನಿಂಗ್ಸ್‌ನಲ್ಲಿ ತಾಳ್ಮೆಯ 33 ರನ್ ಗಳಿಸಿದ ಅವರು ಗುರಿ ಇನ್ನೇನು ಕೈಗೆಟುಕುವಷ್ಟರಲ್ಲಿ ಔಟಾದರು.

1973ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಸರಣಿಯ ಕೊನೆಯ ಟೆಸ್ಟ್‌ನಲ್ಲಿ ಅವರು 113 ರನ್ ಗಳಿಸಿದಾಗ ಆ ಅಪಶಕುನದ ಮಾತಿಗೆ ತೆರೆ ಬಿದ್ದಿತು. ಎದುರಾಳಿ ತಂಡದ ಅತಿ ಎತ್ತರದ ಆಟಗಾರ ಟೋನಿ ಗ್ರೆಗ್ ಅವರು ಪುಟ್ಟ ದೇಹದ ವಿಶ್ವನಾಥ್ ಅವರನ್ನು ಮಗುವಿನಂತೆ ತೋಳಿನಲ್ಲಿ ಎತ್ತಿ ತೂಗಿ ಅಭಿನಂದಿಸಿದ ದೃಶ್ಯ ಭಾರತೀಯ ಕ್ರಿಕೆಟ್‌ನ ಅಚ್ಚುಮೆಚ್ಚಿನ ನೆನಪುಗಳಲ್ಲಿ ಒಂದಾಗಿ ಉಳಿದಿದೆ.

ವೆಸ್ಟ್ ಇಂಡೀಸ್ ವಿರುದ್ಧದ ಸರಣಿ, 1974–75

ವಿಶ್ವನಾಥ್ ಅವರ ವೃತ್ತಿಜೀವನದ ಶ್ರೇಷ್ಠ ಅಧ್ಯಾಯವೆಂದು ಈ ಸರಣಿಯನ್ನು ಪರಿಗಣಿಸಲಾಗುತ್ತದೆ. ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್ ತಂಡದಲ್ಲಿ ಆಂಡಿ ರಾಬರ್ಟ್ಸ್ ಅವರಂತಹ ಬಿರುಸಿನ ಬೌಲರ್ ಇದ್ದರು. 1974ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಪಂದ್ಯವು ಆ ನಗರದ ಮೊಟ್ಟಮೊದಲ ಟೆಸ್ಟ್ ಪಂದ್ಯವಾಗಿತ್ತು. ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಅವರು ಟೆಸ್ಟ್ ಪದಾರ್ಪಣೆ ಮಾಡಿದ್ದೂ ಅಲ್ಲಿಯೇ. ಬೆಂಗಳೂರು ಮತ್ತು ದೆಹಲಿಯ ಎರಡು ಪಂದ್ಯಗಳನ್ನು ಸೋತ ಭಾರತ ಸಂಕಷ್ಟಕ್ಕೆ ಸಿಲುಕಿತು. ಗಾವಸ್ಕರ್ ಗಾಯಗೊಂಡು ಸರಣಿಯ ಬಹುಭಾಗ ಹೊರಗುಳಿದಿದ್ದರಿಂದ ಬ್ಯಾಟಿಂಗ್‌ನ ಹೊಣೆ ವಿಶ್ವನಾಥ್ ಅವರ ಹೆಗಲಿಗೆ ಬಿದ್ದಿತು.

ಕಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಮೂರನೆಯ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಅವರು 52 ಹಾಗೂ ಎರಡನೆಯ ಇನಿಂಗ್ಸ್‌ನಲ್ಲಿ 139 ರನ್ ಗಳಿಸಿದರು. ಭಾರತ 85 ರನ್‌ಗಳಿಂದ ಗೆದ್ದಿತು.

ಚೆಪಾಕ್‌ನ 97

1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್ ಮೈದಾನದಲ್ಲಿ ನಾಲ್ಕನೆಯ ಟೆಸ್ಟ್ ನಡೆಯಿತು. ಚೆಂಡು ಪುಟಿದೇಳುತ್ತಿದ್ದ ಪಿಚ್‌ನಲ್ಲಿ ಆಂಡಿ ರಾಬರ್ಟ್ಸ್ 64 ರನ್‌ಗಳಿಗೆ 7 ವಿಕೆಟ್ ಪಡೆದರು. ಭಾರತದ ಮೊದಲ ಇನಿಂಗ್ಸ್ 190 ರನ್‌ಗಳಿಗೆ ಮುಗಿಯಿತು. ಅದರಲ್ಲಿ 97 ರನ್ ವಿಶ್ವನಾಥ್ ಒಬ್ಬರದೇ. ಉಳಿದ ಬ್ಯಾಟ್ಸ್‌ಮನ್‌ಗಳಲ್ಲಿ ಯಾರೂ 20 ರನ್ ಮುಟ್ಟಲಿಲ್ಲ.

ವಿಕೆಟ್‌ಗಳು ಒಂದೊಂದಾಗಿ ಉರುಳುತ್ತಿದ್ದಾಗ ವಿಶ್ವನಾಥ್ ಬರಿಯ ರಕ್ಷಣೆಗೆ ಇಳಿಯಲಿಲ್ಲ. ಆಫ್ ಸ್ಟಂಪ್‌ನ ಹೊರಗೆ ಬಿದ್ದ ವೇಗದ ಎಸೆತಗಳನ್ನು ಕಟ್ ಮಾಡಿ ಬೌಂಡರಿಗೆ ಅಟ್ಟುತ್ತ, ಕೊನೆಯ ಕ್ರಮಾಂಕದ ಬಿಷನ್ ಸಿಂಗ್ ಬೇಡಿ ಮತ್ತು ಭಾಗವತ್ ಚಂದ್ರಶೇಖರ್ ಅವರ ಜೊತೆಗೂಡಿ ಮೊತ್ತವನ್ನು ಬೆಳೆಸಿದರು. ಶತಕಕ್ಕೆ ಮೂರು ರನ್ ಬೇಕಿದ್ದಾಗ ಚಂದ್ರಶೇಖರ್ ಔಟಾದರು. ವಿಶ್ವನಾಥ್ 97 ರನ್‌ಗಳೊಂದಿಗೆ ಅಜೇಯರಾಗಿ ಉಳಿದರು.

ಆ ಇನಿಂಗ್ಸ್‌ನ ಬೆಲೆ ಪಂದ್ಯದ ಮುಂದಿನ ಅಂಕಿಗಳಿಂದ ತಿಳಿಯುತ್ತದೆ. ವೆಸ್ಟ್ ಇಂಡೀಸ್ 192 ರನ್ ಗಳಿಸಿ ಕೇವಲ ಎರಡು ರನ್‌ಗಳ ಮುನ್ನಡೆ ಪಡೆಯಿತು. ಎರಡನೆಯ ಇನಿಂಗ್ಸ್‌ನಲ್ಲಿ ಅಂಶುಮಾನ್ ಗಾಯಕ್ವಾಡ್ 80 ಹಾಗೂ ವಿಶ್ವನಾಥ್ 46 ರನ್ ಗಳಿಸಲು, ಭಾರತ 256 ರನ್ ಪೇರಿಸಿತು. ವೆಸ್ಟ್ ಇಂಡೀಸ್ 154ಕ್ಕೆ ಕುಸಿದು 100 ರನ್‌ಗಳಿಂದ ಸೋತಿತು. ಸರಣಿ 2–2ರಲ್ಲಿ ಸಮವಾಯಿತು. 97 ರನ್ ಶತಕವಲ್ಲವಾದ್ದರಿಂದ ದಾಖಲೆಯ ಶತಕಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೆ 2001ರಲ್ಲಿ ವಿಸ್ಡನ್ ಪ್ರಕಟಿಸಿದ ಟೆಸ್ಟ್ ಕ್ರಿಕೆಟ್‌ನ ನೂರು ಶ್ರೇಷ್ಠ ಇನಿಂಗ್ಸ್‌ಗಳ ಪಟ್ಟಿಯಲ್ಲಿ ಅದು ಸೇರಿದೆ.

ಮುಂಬಯಿಯ ಹೊಸ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ಕೊನೆಯ ಟೆಸ್ಟ್‌ನಲ್ಲಿಯೂ ಅವರು 95 ರನ್ ಗಳಿಸಿದರು. ಆ ಪಂದ್ಯವನ್ನೂ ಸರಣಿಯನ್ನೂ ವೆಸ್ಟ್ ಇಂಡೀಸ್ ಗೆದ್ದುಕೊಂಡಿತು. ಐದು ಟೆಸ್ಟ್‌ಗಳಲ್ಲಿ ವಿಶ್ವನಾಥ್ ಗಳಿಸಿದ್ದು 568 ರನ್, ಸರಾಸರಿ 63.11.

ಪೋರ್ಟ್ ಆಫ್ ಸ್ಪೇನ್, 1976

1976ರ ಏಪ್ರಿಲ್‌ನಲ್ಲಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ 403 ರನ್‌ಗಳ ಗೆಲುವಿನ ಗುರಿ ನೀಡಿತು. ಅದುವರೆಗೆ ನಾಲ್ಕನೆಯ ಇನಿಂಗ್ಸ್‌ನಲ್ಲಿ 400ಕ್ಕೂ ಹೆಚ್ಚು ರನ್ ಗಳಿಸಿ ಟೆಸ್ಟ್ ಗೆದ್ದಿದ್ದ ತಂಡ ಒಂದೇ: 1948ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಾನ್ ಬ್ರಾಡ್ಮನ್ ನೇತೃತ್ವದ ಆಸ್ಟ್ರೇಲಿಯಾ. ಗಾವಸ್ಕರ್ 102, ಮೊಹಿಂದರ್ ಅಮರನಾಥ್ 85, ವಿಶ್ವನಾಥ್ 112 ರನ್ ಗಳಿಸಿದರು. ವಿಶ್ವನಾಥ್ ರನೌಟ್ ಆದ ಮೇಲೆ ಕರ್ನಾಟಕದವರೇ ಆದ ಬ್ರಿಜೇಶ್ ಪಟೇಲ್ ಅಜೇಯ 49 ರನ್‌ಗಳೊಂದಿಗೆ ತಂಡವನ್ನು ದಡ ಸೇರಿಸಿದರು. ಭಾರತ 4 ವಿಕೆಟ್‌ಗೆ 406 ರನ್ ಗಳಿಸಿ ಗೆದ್ದಿತು. ಈ ದಾಖಲೆ 2003ರವರೆಗೂ ಉಳಿಯಿತು.

ಆ ಸೋಲಿನ ಬಳಿಕ ಕ್ಲೈವ್ ಲಾಯ್ಡ್ ಸ್ಪಿನ್ ಬೌಲರ್‌ಗಳ ಮೇಲಿನ ಅವಲಂಬನೆಯನ್ನು ಬಿಟ್ಟು ವೇಗದ ದಾಳಿಗೆ ಒತ್ತು ಕೊಟ್ಟರು. ಅದರ ಮೊದಲ ಪೆಟ್ಟು ಬಿದ್ದದ್ದು ಮುಂದಿನ ಕಿಂಗ್‌ಸ್ಟನ್ ಟೆಸ್ಟ್‌ನಲ್ಲಿ ಭಾರತೀಯರಿಗೇ. ಅಲ್ಲಿ ಮೈಕೆಲ್ ಹೋಲ್ಡಿಂಗ್ ಅವರ ಎಸೆತ ತಗುಲಿ ವಿಶ್ವನಾಥ್ ಅವರ ಬೆರಳು ಮುರಿಯಿತು. ಎರಡನೆಯ ಇನಿಂಗ್ಸ್‌ನಲ್ಲಿ ಭಾರತದ ಐವರು ಬ್ಯಾಟ್ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ.

ಉತ್ತುಂಗದ ವರ್ಷಗಳು, 1977–1982

1977–78ರ ಆಸ್ಟ್ರೇಲಿಯಾ ಪ್ರವಾಸದ ಐದು ಟೆಸ್ಟ್‌ಗಳಲ್ಲಿ ವಿಶ್ವನಾಥ್ ಒಂದೂ ಶತಕವಿಲ್ಲದೆ 473 ರನ್ ಗಳಿಸಿದರು. 1978ರ ಅಕ್ಟೋಬರ್‌ನಲ್ಲಿ ಭಾರತ ಮತ್ತು ಪಾಕಿಸ್ತಾನ ಹದಿನೇಳು ವರ್ಷಗಳ ನಂತರ ಟೆಸ್ಟ್ ಕ್ರಿಕೆಟ್‌ನಲ್ಲಿ ಮುಖಾಮುಖಿಯಾದಾಗ, ಫೈಸಲಾಬಾದ್‌ನ ಮೊದಲ ಪಂದ್ಯದಲ್ಲಿ 145 ರನ್ ಬಾರಿಸಿದರು. ಇದರೊಂದಿಗೆ ಅಂದು ಭಾರತ ಎದುರಿಸುತ್ತಿದ್ದ ಐದೂ ದೇಶಗಳ ವಿರುದ್ಧ ಅವರು ಶತಕ ಗಳಿಸಿದಂತಾಯಿತು.

1979 ಅವರ ಪಾಲಿಗೆ ಸಮೃದ್ಧಿಯ ವರ್ಷ. ಆ ಒಂದೇ ವರ್ಷದಲ್ಲಿ ಐದು ಶತಕಗಳು ಬಂದವು. ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಗಳಿಸಿದ 124 ರನ್, ಆರು ಟೆಸ್ಟ್‌ಗಳ ಸರಣಿಯಲ್ಲಿ ಫಲಿತಾಂಶ ಕಂಡ ಏಕೈಕ ಪಂದ್ಯವನ್ನು ಭಾರತ ಮೂರು ವಿಕೆಟ್‌ಗಳಿಂದ ಗೆಲ್ಲಲು ನೆರವಾಯಿತು. ಮರುತಿಂಗಳು ಕಾನ್ಪುರದಲ್ಲಿ 179 ರನ್ ಗಳಿಸಿದರು. ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಭಾರತ ಮೊದಲ ಇನಿಂಗ್ಸ್‌ನಲ್ಲಿ 96 ರನ್‌ಗಳಿಗೆ ಕುಸಿದು ಸೋಲಿನ ಅಂಚಿನಲ್ಲಿದ್ದಾಗ, ವಿಶ್ವನಾಥ್ (113) ಮತ್ತು ದಿಲೀಪ್ ವೆಂಗ್‌ಸರ್ಕಾರ್ (103) ಮೂರನೆಯ ವಿಕೆಟ್‌ಗೆ 210 ರನ್ ಸೇರಿಸಿ ಪಂದ್ಯ ಉಳಿಸಿದರು. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ತಮ್ಮ ಜನರ ಮುಂದೆ ಆಸ್ಟ್ರೇಲಿಯಾ ವಿರುದ್ಧ ಅಜೇಯ 161 ರನ್ ಗಳಿಸಿದರು. ಮುಂದಿನ ತಿಂಗಳು ದೆಹಲಿಯಲ್ಲಿ 131 ಬಂದಿತು.

1981ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ಮೊದಲ ಇನಿಂಗ್ಸ್‌ನಲ್ಲಿ ಗಳಿಸಿದ 237 ರನ್‌ಗಳಲ್ಲಿ 114 ವಿಶ್ವನಾಥ್ ಅವರದು. ಗೆಲುವಿಗೆ ಕೇವಲ 143 ರನ್ ಬೇಕಿದ್ದ ಆಸ್ಟ್ರೇಲಿಯಾ, ಕಪಿಲ್ ದೇವ್ (28ಕ್ಕೆ 5) ಅವರ ದಾಳಿಗೆ 83 ರನ್‌ಗಳಿಗೆ ಕುಸಿಯಿತು. ಭಾರತ 59 ರನ್‌ಗಳಿಂದ ಗೆದ್ದು ಸರಣಿಯನ್ನು 1–1ರಿಂದ ಸಮ ಮಾಡಿಕೊಂಡಿತು.

1982ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಅವರು ತಮ್ಮ ಜೀವನಶ್ರೇಷ್ಠ 222 ರನ್ ಗಳಿಸಿದರು. ವೆಂಗ್‌ಸರ್ಕಾರ್ ಗಾಯಗೊಂಡು ನಿರ್ಗಮಿಸಿದ ಮೇಲೆ ಯಶಪಾಲ್ ಶರ್ಮ (140) ಅವರ ಜೊತೆಗೂಡಿದ ವಿಶ್ವನಾಥ್, ಪಂದ್ಯದ ಎರಡನೆಯ ದಿನವಿಡೀ ಒಂದೂ ವಿಕೆಟ್ ಬೀಳದಂತೆ ಆಡಿದರು. 1979ರಲ್ಲಿ ಓವಲ್‌ನಲ್ಲಿ ಗಾವಸ್ಕರ್ ಗಳಿಸಿದ್ದ 221 ರನ್‌ಗಳನ್ನು ಇದು ಒಂದು ರನ್‌ನಿಂದ ಮೀರಿತು.

ನಾಯಕತ್ವ ಮತ್ತು ಸುವರ್ಣ ಮಹೋತ್ಸವ ಟೆಸ್ಟ್

ವಿಶ್ವನಾಥ್ ಎರಡು ಟೆಸ್ಟ್‌ಗಳಲ್ಲಿ ಭಾರತ ತಂಡದ ನಾಯಕರಾಗಿದ್ದರು. ಮೊದಲನೆಯದು 1980ರಲ್ಲಿ ಕಲ್ಕತ್ತಾದಲ್ಲಿ ಪಾಕಿಸ್ತಾನದ ವಿರುದ್ಧ ಡ್ರಾ ಆದ ಪಂದ್ಯ. ಎರಡನೆಯದು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಅದೇ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಏಕೈಕ ಟೆಸ್ಟ್.

ಭಾರತದ 242 ರನ್‌ಗಳಿಗೆ ಉತ್ತರವಾಗಿ ಇಂಗ್ಲೆಂಡ್ 58 ರನ್‌ಗಳಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಇಯಾನ್ ಬೋಥಮ್ ಜೊತೆಗೆ ವಿಕೆಟ್ ಕೀಪರ್ ಬಾಬ್ ಟೇಲರ್ ಆಡುತ್ತಿದ್ದರು. ಕಪಿಲ್ ದೇವ್ ಅವರ ಎಸೆತದಲ್ಲಿ ಟೇಲರ್ ವಿಕೆಟ್ ಹಿಂದೆ ಕ್ಯಾಚ್ ಕೊಟ್ಟರೆಂದು ಭಾರತೀಯರು ಮನವಿ ಮಾಡಿದಾಗ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟ್‌ಗೆ ತಾಗಿಲ್ಲವೆಂಬುದು ಟೇಲರ್ ಅವರ ಮುಖಭಾವದಿಂದ ಸ್ಪಷ್ಟವಾಗಿತ್ತು. ಮೊದಲ ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್ ಅವರಿಗೂ ಅದೇ ಅನಿಸಿತು. ಅವರು ಮನವಿಯನ್ನು ಹಿಂತೆಗೆದುಕೊಂಡು ಟೇಲರ್ ಅವರನ್ನು ಮರಳಿ ಕರೆದರು.

ಕ್ರಿಕೆಟ್ ನಿಯಮದ ಪ್ರಕಾರ, ಕ್ಷೇತ್ರರಕ್ಷಣೆ ಮಾಡುತ್ತಿರುವ ತಂಡದ ನಾಯಕ ಅಂಪೈರ್ ಒಪ್ಪಿಗೆ ಪಡೆದು ಮನವಿಯನ್ನು ಹಿಂತೆಗೆದುಕೊಳ್ಳಬಹುದು. ಹೀಗೆ ಮಾಡಬೇಕೆಂಬ ಕಡ್ಡಾಯವಿಲ್ಲ. ಎದುರಾಳಿಯ ಆರನೆಯ ವಿಕೆಟ್ ಕೈಗೆ ಸಿಕ್ಕಿದ್ದ ಗಳಿಗೆಯಲ್ಲಿ ಅದನ್ನು ಬಿಟ್ಟುಕೊಡಲು ಯಾವ ನಿಯಮವೂ ವಿಶ್ವನಾಥ್ ಅವರನ್ನು ಒತ್ತಾಯಿಸುತ್ತಿರಲಿಲ್ಲ.

ಆ ನಿರ್ಧಾರಕ್ಕೆ ಭಾರತ ತೆತ್ತ ಬೆಲೆ ದೊಡ್ಡದು. ಟೇಲರ್ 43 ರನ್ ಗಳಿಸಿ ಬೋಥಮ್ (114) ಅವರೊಂದಿಗೆ ಆರನೆಯ ವಿಕೆಟ್‌ಗೆ 171 ರನ್ ಸೇರಿಸಿದರು. ಇಂಗ್ಲೆಂಡ್ 296 ರನ್ ಗಳಿಸಿತು. ಭಾರತ ಎರಡನೆಯ ಇನಿಂಗ್ಸ್‌ನಲ್ಲಿ 149ಕ್ಕೆ ಔಟಾಗಿ ಹತ್ತು ವಿಕೆಟ್‌ಗಳಿಂದ ಸೋತಿತು. ಬೋಥಮ್ ಒಟ್ಟು 13 ವಿಕೆಟ್ ಪಡೆದು, ಒಂದೇ ಟೆಸ್ಟ್‌ನಲ್ಲಿ ಶತಕ ಮತ್ತು ಹತ್ತು ವಿಕೆಟ್‌ಗಳ ಸಾಧನೆ ಮಾಡಿದ ಮೊದಲ ಆಟಗಾರರಾದರು. ಟೇಲರ್ ಅದೇ ಪಂದ್ಯದಲ್ಲಿ ಹತ್ತು ಕ್ಯಾಚ್ ಹಿಡಿದರು.

ಇದು ವಿಶ್ವನಾಥ್ ನಾಯಕತ್ವದ ಕೊನೆಯ ಟೆಸ್ಟ್. ನಾಯಕರಾಗಿ ಅವರ ಲೆಕ್ಕದಲ್ಲಿ ಗೆಲುವಿಲ್ಲ; ಒಂದು ಡ್ರಾ, ಒಂದು ಸೋಲು ಮಾತ್ರ ಇವೆ. ಆದರೆ ಕ್ರೀಡಾ ಮನೋಭಾವವನ್ನು ಕುರಿತ ಚರ್ಚೆ ಬಂದಾಗಲೆಲ್ಲ ಈ ಪ್ರಸಂಗವನ್ನು ಉದಾಹರಿಸಲಾಗುತ್ತದೆ.

ಕರ್ನಾಟಕ ತಂಡದಲ್ಲಿ

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. ಅದೇ ಋತುವಿನಲ್ಲಿ ರಾಜ್ಯ ತಂಡ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. 1958–59ರಿಂದ ಸತತ ಹದಿನೈದು ವರ್ಷ ಟ್ರೋಫಿ ಗೆದ್ದಿದ್ದ ಬಲಾಢ್ಯ ಮುಂಬಯಿ ತಂಡ ಸೆಮಿಫೈನಲ್‌ನಲ್ಲಿ ಬೆಂಗಳೂರಿಗೆ ಬಂದಿತ್ತು. ವಿಶ್ವನಾಥ್ 162 ಹಾಗೂ ಬ್ರಿಜೇಶ್ ಪಟೇಲ್ 106 ರನ್ ಗಳಿಸಿದರು. ಎರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ ಮೊದಲ ಇನಿಂಗ್ಸ್‌ನ ಮುನ್ನಡೆಯ ಆಧಾರದ ಮೇಲೆ ಗೆದ್ದು ಮುಂಬಯಿಯ ದೀರ್ಘ ಆಧಿಪತ್ಯವನ್ನು ಕೊನೆಗೊಳಿಸಿತು. ಬಳಿಕ ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿತು.

1977–78ರಲ್ಲಿ ಉತ್ತರ ಪ್ರದೇಶದ ವಿರುದ್ಧದ ಫೈನಲ್‌ನಲ್ಲಿ ವಿಶ್ವನಾಥ್ 247 ರನ್ ಗಳಿಸಿದರು. ಇದು ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ಗರಿಷ್ಠ ಮೊತ್ತ. ಕರ್ನಾಟಕಕ್ಕೆ ಎರಡನೆಯ ಟ್ರೋಫಿ ಒಲಿಯಿತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್ ಮತ್ತು ಸೈಯದ್ ಕಿರ್ಮಾನಿ ಅವರಿಂದ ಕೂಡಿದ ಈ ಪೀಳಿಗೆ ಕರ್ನಾಟಕವನ್ನು ದೇಶದ ಪ್ರಬಲ ಕ್ರಿಕೆಟ್ ಕೇಂದ್ರಗಳಲ್ಲಿ ಒಂದಾಗಿಸಿತು.

ಏಕದಿನ ಕ್ರಿಕೆಟ್

1974ರ ಜುಲೈನಲ್ಲಿ ಲೀಡ್ಸ್‌ನಲ್ಲಿ ಭಾರತ ಆಡಿದ ಮೊಟ್ಟಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯದಲ್ಲಿ ವಿಶ್ವನಾಥ್ ಇದ್ದರು. 1975 ಮತ್ತು 1979ರ ವಿಶ್ವಕಪ್‌ಗಳಲ್ಲಿಯೂ ಆಡಿದರು. 1979ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಗಳಿಸಿದ 75 ರನ್ ಈ ಮಾದರಿಯಲ್ಲಿ ಅವರ ಗರಿಷ್ಠ ಮೊತ್ತ. ಭಾರತ ಆಗ ಏಕದಿನ ಪಂದ್ಯಗಳನ್ನು ಆಡುತ್ತಿದ್ದುದೇ ವಿರಳ. ಅವರು ಆಡಿದ್ದು 25 ಪಂದ್ಯ ಮಾತ್ರ.

ಆಟದ ಶೈಲಿ

ವಿಶ್ವನಾಥ್ ಅವರ ಹೆಸರಿನೊಂದಿಗೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿರುವ ಹೊಡೆತ ಸ್ಕ್ವೇರ್ ಕಟ್. ಆಫ್ ಸ್ಟಂಪ್‌ನ ಹೊರಗೆ ತುಸು ಮೊಟಕಾಗಿ ಬೀಳುವ ಎಸೆತವನ್ನು, ಹಿಂಗಾಲಿನ ಮೇಲೆ ಭಾರ ಹಾಕಿ, ವಿಕೆಟ್‌ಗೆ ಸರಿಸುಮಾರು ಅಡ್ಡದಿಕ್ಕಿನಲ್ಲಿ ಅಟ್ಟುವ ಹೊಡೆತವಿದು. ಕುಳ್ಳಗಿನ ಬ್ಯಾಟ್ಸ್‌ಮನ್‌ಗೆ ಚೆಂಡು ಎದೆಯ ಮಟ್ಟಕ್ಕೆ ಬೇಗನೆ ಏರುವುದರಿಂದ ಅದನ್ನು ನೆಲಕ್ಕೆ ಒತ್ತಿ ಆಡುವುದು ಕಷ್ಟ. ವಿಶ್ವನಾಥ್ ಮಣಿಕಟ್ಟನ್ನು ಚೆಂಡಿನ ಮೇಲೆ ಹೊರಳಿಸಿ ಈ ಕಷ್ಟವನ್ನು ಗೆದ್ದರು. ಚೆಂಡು ತಮ್ಮನ್ನು ದಾಟುವವರೆಗೂ ಕಾದು, ಸ್ಲಿಪ್ ಆಟಗಾರರ ನಡುವೆ ತೂರಿಸುವ ಲೇಟ್ ಕಟ್, ಹಾಗೂ ಕಾಲಿನ ಬದಿಗೆ ಮಣಿಕಟ್ಟಿನ ತಿರುವಿನಿಂದ ಆಡುವ ಫ್ಲಿಕ್ ಅವರ ಇನ್ನೆರಡು ಪ್ರಿಯ ಹೊಡೆತಗಳು.

ಸಮಕಾಲೀನರಾದ ಗಾವಸ್ಕರ್ ಅವರೊಂದಿಗೆ ಅವರನ್ನು ಹೋಲಿಸುವುದು ವಾಡಿಕೆ. ಗಾವಸ್ಕರ್ ಅವರದು ತಪ್ಪಿಗೆ ಎಡೆಗೊಡದ ಏಕಾಗ್ರತೆ, ರನ್ ರಾಶಿ ಹಾಕುವ ಸಂಕಲ್ಪ. ವಿಶ್ವನಾಥ್ ಅವರ ಆಟದಲ್ಲಿ ಅಪಾಯವನ್ನು ಬರಮಾಡಿಕೊಳ್ಳುವ ಗುಣವಿತ್ತು. ಸುಲಭದ ರನ್‌ಗಳಿಗಿಂತ ಕಷ್ಟದ ಸನ್ನಿವೇಶದಲ್ಲಿ ಅವರ ಬ್ಯಾಟ್ ಹೆಚ್ಚು ಮಾತನಾಡುತ್ತಿತ್ತು. ಅವರ ಸರಾಸರಿ ಗಾವಸ್ಕರ್ ಅವರದಕ್ಕಿಂತ ಕಡಿಮೆಯಿರುವುದಕ್ಕೂ, ಅವರ ದೊಡ್ಡ ಇನಿಂಗ್ಸ್‌ಗಳು ಪಂದ್ಯದ ಗತಿಯನ್ನು ಬದಲಿಸಿದ್ದಕ್ಕೂ ಈ ಗುಣವೇ ಕಾರಣವೆನ್ನಬಹುದು. ಅಂದಿನ ಬ್ಯಾಟ್ಸ್‌ಮನ್‌ಗಳು ಹೆಲ್ಮೆಟ್ ಇಲ್ಲದೆ ಆಡುತ್ತಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು.

ಕ್ಷೇತ್ರರಕ್ಷಣೆಯಲ್ಲಿ ಅವರು ಸ್ಲಿಪ್‌ನಲ್ಲಿ ನಿಲ್ಲುತ್ತಿದ್ದರು. ಟೆಸ್ಟ್‌ಗಳಲ್ಲಿ 63 ಕ್ಯಾಚ್ ಹಿಡಿದಿದ್ದಾರೆ. ಅಪರೂಪಕ್ಕೆ ಲೆಗ್ ಬ್ರೇಕ್ ಬೌಲ್ ಮಾಡುತ್ತಿದ್ದ ಅವರಿಗೆ ಟೆಸ್ಟ್‌ನಲ್ಲಿ ದೊರೆತದ್ದು ಒಂದೇ ವಿಕೆಟ್.

ಟೆಸ್ಟ್ ಶತಕಗಳು ಮತ್ತು ಪಂದ್ಯದ ಫಲಿತಾಂಶ

1. 137 – ಆಸ್ಟ್ರೇಲಿಯಾ, ಕಾನ್ಪುರ, 1969 – ಡ್ರಾ
2. 113 – ಇಂಗ್ಲೆಂಡ್, ಮುಂಬಯಿ, 1973 – ಡ್ರಾ
3. 139 – ವೆಸ್ಟ್ ಇಂಡೀಸ್, ಕಲ್ಕತ್ತಾ, 1974–75 – ಗೆಲುವು
4. 112 – ವೆಸ್ಟ್ ಇಂಡೀಸ್, ಪೋರ್ಟ್ ಆಫ್ ಸ್ಪೇನ್, 1976 – ಗೆಲುವು
5. ಅಜೇಯ 103 – ನ್ಯೂಜಿಲೆಂಡ್, ಕಾನ್ಪುರ, 1976 – ಡ್ರಾ
6. 145 – ಪಾಕಿಸ್ತಾನ, ಫೈಸಲಾಬಾದ್, 1978 – ಡ್ರಾ
7. 124 – ವೆಸ್ಟ್ ಇಂಡೀಸ್, ಮದ್ರಾಸ್, 1979 – ಗೆಲುವು
8. 179 – ವೆಸ್ಟ್ ಇಂಡೀಸ್, ಕಾನ್ಪುರ, 1979 – ಡ್ರಾ
9. 113 – ಇಂಗ್ಲೆಂಡ್, ಲಾರ್ಡ್ಸ್, 1979 – ಡ್ರಾ
10. ಅಜೇಯ 161 – ಆಸ್ಟ್ರೇಲಿಯಾ, ಬೆಂಗಳೂರು, 1979 – ಡ್ರಾ
11. 131 – ಆಸ್ಟ್ರೇಲಿಯಾ, ದೆಹಲಿ, 1979 – ಡ್ರಾ
12. 114 – ಆಸ್ಟ್ರೇಲಿಯಾ, ಮೆಲ್ಬರ್ನ್, 1981 – ಗೆಲುವು
13. 107 – ಇಂಗ್ಲೆಂಡ್, ದೆಹಲಿ, 1981 – ಡ್ರಾ
14. 222 – ಇಂಗ್ಲೆಂಡ್, ಮದ್ರಾಸ್, 1982 – ಡ್ರಾ

ಹದಿನಾಲ್ಕು ಪಂದ್ಯಗಳಲ್ಲಿ ನಾಲ್ಕು ಗೆಲುವು, ಹತ್ತು ಡ್ರಾ. ಗೆಲುವು ತಂದ ಶತಕಗಳ ಜೊತೆಗೆ ಲಾರ್ಡ್ಸ್‌ನ 113ರಂತೆ ಸೋಲನ್ನು ತಪ್ಪಿಸಿದ ಶತಕವೂ ಈ ಪಟ್ಟಿಯಲ್ಲಿದೆ. ಆಸ್ಟ್ರೇಲಿಯಾ, ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ವಿರುದ್ಧ ತಲಾ ನಾಲ್ಕು ಶತಕಗಳು ಬಂದಿವೆ.

ನಿವೃತ್ತಿ ಮತ್ತು ನಂತರದ ಜೀವನ

1982–83ರ ಪಾಕಿಸ್ತಾನ ಪ್ರವಾಸದಲ್ಲಿ ಇಮ್ರಾನ್ ಖಾನ್ ಆರು ಟೆಸ್ಟ್‌ಗಳಲ್ಲಿ 40 ವಿಕೆಟ್ ಪಡೆದು ಭಾರತವನ್ನು ಕಂಗೆಡಿಸಿದರು. ಆ ಸರಣಿಯಲ್ಲಿ ವಿಶ್ವನಾಥ್ ಅವರಿಂದ ದೊಡ್ಡ ಮೊತ್ತ ಬರಲಿಲ್ಲ. 1983ರ ಜನವರಿ ಕೊನೆಯಲ್ಲಿ ಆರಂಭವಾದ ಕರಾಚಿ ಟೆಸ್ಟ್ ಅವರ ಕೊನೆಯ ಟೆಸ್ಟ್ ಆಯಿತು. ಆ ಬಳಿಕ ಅವರನ್ನು ತಂಡದಿಂದ ಕೈಬಿಡಲಾಯಿತು. 1971ರಿಂದ ಅಲ್ಲಿಯವರೆಗೆ ಅವರು ಒಂದೂ ಟೆಸ್ಟ್ ತಪ್ಪಿಸಿಕೊಳ್ಳದೆ ಸತತ 87 ಪಂದ್ಯಗಳನ್ನು ಆಡಿದ್ದರು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 1988ರವರೆಗೆ ಮುಂದುವರಿದರು.

ನಿವೃತ್ತಿಯ ನಂತರ 1990ರ ದಶಕದಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. 1999ರಿಂದ 2004ರವರೆಗೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಪಂದ್ಯ ತೀರ್ಪುಗಾರರಾಗಿ, ಅಂದರೆ ಮ್ಯಾಚ್ ರೆಫರಿಯಾಗಿ, ಆಟಗಾರರ ಶಿಸ್ತು ಮತ್ತು ನಡವಳಿಕೆಯ ಮೇಲ್ವಿಚಾರಣೆ ನಡೆಸಿದರು. 2022ರಲ್ಲಿ ಆರ್. ಕೌಶಿಕ್ ಅವರ ಸಹಯೋಗದಲ್ಲಿ ಬರೆದ ಆತ್ಮಕಥೆ 'ರಿಸ್ಟ್ ಅಶ್ಯೂರ್ಡ್' ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಪುಸ್ತಕದ ಹೆಸರು ಅವರ ಮಣಿಕಟ್ಟಿನ ಕೌಶಲವನ್ನು ಸೂಚಿಸುತ್ತದೆ.

ವೈಯಕ್ತಿಕ ಜೀವನ

ವಿಶ್ವನಾಥ್ ಅವರ ಪತ್ನಿ ಕವಿತಾ ಅವರು ಸುನಿಲ್ ಗಾವಸ್ಕರ್ ಅವರ ಸಹೋದರಿ. ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು. ಅದರಲ್ಲಿ ಅವರ ಮೂವರು ಮೆಚ್ಚಿನ ಆಟಗಾರರಾದ ರೋಹನ್ ಕನ್ಹಾಯ್, ಎಂ. ಎಲ್. ಜಯಸಿಂಹ ಮತ್ತು ವಿಶ್ವನಾಥ್ ಅವರ ಹೆಸರುಗಳು ಸೇರಿವೆ.

ಪ್ರಶಸ್ತಿಗಳು

ಕ್ರಿಕೆಟ್‌ನಲ್ಲಿನ ಸಾಧನೆಗಾಗಿ ವಿಶ್ವನಾಥ್ ಅವರಿಗೆ ಭಾರತ ಸರ್ಕಾರದ ಅರ್ಜುನ ಪ್ರಶಸ್ತಿ ದೊರೆತಿದೆ. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಕರ್ನಲ್ ಸಿ. ಕೆ. ನಾಯ್ಡು ಜೀವಮಾನ ಸಾಧನೆ ಪ್ರಶಸ್ತಿಗೂ ಅವರು ಭಾಜನರಾಗಿದ್ದಾರೆ.

ಅಂಕಿ ಅಂಶಗಳು

ಟೆಸ್ಟ್: 91 ಪಂದ್ಯ, 155 ಇನಿಂಗ್ಸ್, 6080 ರನ್, ಸರಾಸರಿ 41.93, ಶತಕ 14, ಅರ್ಧಶತಕ 35, ಗರಿಷ್ಠ 222
ಏಕದಿನ: 25 ಪಂದ್ಯ, 439 ರನ್, ಸರಾಸರಿ 19.95, ಅರ್ಧಶತಕ 2, ಗರಿಷ್ಠ 75
ಪ್ರಥಮ ದರ್ಜೆ: 308 ಪಂದ್ಯ, 17,970 ರನ್, ಸರಾಸರಿ 40.93, ಶತಕ 44, ಗರಿಷ್ಠ 247